ಕಡಿಮೆ ಖರ್ಚಿನಲ್ಲಿ ರಾಕ್ ಕ್ರಾಲಿಂಗ್ ಬಗ್ಗಿ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಂಡೆ ಹತ್ತುವ ಬಗ್ಗಿಯನ್ನು ತಾವೇ ಕಟ್ಟಬೇಕು, ಆದರೆ ಕೈಯಲ್ಲಿ ದುಡ್ಡು ಕಡಿಮೆ ಅನ್ನುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಎಲ್ಲಿ ಉಳಿಸಬಹುದು, ಎಲ್ಲಿ ಒಂದು ಪೈಸೆಯನ್ನೂ ಹಿಡಿಯಬಾರದು ಅನ್ನುವುದೇ ಇಲ್ಲಿ ಮುಖ್ಯ. ಹಾಗಾಗಿ ಕೆಲವು ಉತ್ತರ ಉದ್ದ ಇವೆ, ಕೆಲವು ಎರಡೇ ಸಾಲು.

ಜೀಪಿಗೂ ರಾಕ್ ಕ್ರಾಲಿಂಗ್ ಬಗ್ಗಿಗೂ ಏನು ವ್ಯತ್ಯಾಸ?

ಬಗ್ಗಿಗೆ ಬಾಡಿ ಇರುವುದಿಲ್ಲ. ಉಕ್ಕಿನ ಕೊಳವೆಗಳನ್ನು ಬಗ್ಗಿಸಿ, ವೆಲ್ಡ್ ಮಾಡಿದ ಗೂಡೇ ಅದರ ಚಾಸಿ. ಮಗುಚಿದರೆ ಒಳಗೆ ಕೂತವರನ್ನು ಕಾಯುವುದೂ ಅದೇ ಗೂಡು. ಬಂಡೆ ಹತ್ತುವುದಕ್ಕೆ ಬೇಡದ ಬಾಗಿಲು, ಗಾಜು, ಡಿಕ್ಕಿ ಯಾವುದೂ ಇಲ್ಲ. ತೂಕ ಕಡಿಮೆ, ಟೈರ್ ದೊಡ್ಡದು, ಹೊಟ್ಟೆ (ಗಾಡಿಯ ಅಡಿಭಾಗ) ಸಪಾಟು, ವೇಗ ನಡಿಗೆಯಷ್ಟು ಅಥವಾ ಅದಕ್ಕಿಂತ ಕಡಿಮೆ.

ನಿಜವಾಗಿಯೂ ಕಡಿಮೆ ದುಡ್ಡಿನಲ್ಲಿ ಆಗುತ್ತದಾ?

ಆಗುತ್ತದೆ. ಅದಕ್ಕೆ ಕಾರಣ ಈ ನಿಧಾನವೇ. ವೇಗವಾಗಿ ಓಡುವ ಗಾಡಿಗೆ ದುಬಾರಿ ಶಾಕ್ (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್), ದೊಡ್ಡ ಇಂಜಿನ್, ಬ್ಯಾಲೆನ್ಸ್ ಮಾಡಿದ ಶಾಫ್ಟ್ ಎಲ್ಲಾ ಬೇಕು. ಬಂಡೆಯ ಮೇಲೆ ಗಂಟೆಗೆ ಎರಡು ಕಿಲೋಮೀಟರ್ ಹೋಗುವ ಗಾಡಿಗೆ ಇವು ಅನಿವಾರ್ಯ ಅಲ್ಲ. ಇಂಜಿನ್, ಶಾಕ್, ಸೀಟಿನ ಅಂದ, ಬಣ್ಣ, ಲೈಟು: ಇಲ್ಲೆಲ್ಲ ಧಾರಾಳವಾಗಿ ಉಳಿಸಿ. ಗೂಡು, ವೆಲ್ಡಿಂಗ್, ಬೆಲ್ಟ್, ಬ್ರೇಕ್, ಸ್ಟೇರಿಂಗ್ ಈ ಐದರಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಇವುಗಳಿಗೆ ದುಡ್ಡು ಸಾಲದಿದ್ದರೆ ಕೆಲಸ ನಿಲ್ಲಿಸಿ, ಕೂಡಿಸಿಕೊಂಡು ಮುಂದುವರಿಸಿ.

ಎಲ್ಲಿಂದ ಶುರು ಮಾಡಲಿ? ಬಿಡಿಭಾಗ ಒಂದೊಂದಾಗಿ ಕೊಳ್ಳಲಾ?

ಬೇಡ. ಓಡುವ ಸ್ಥಿತಿಯಲ್ಲಿರುವ ಒಂದು ಪೂರ್ತಿ ಹಳೇ ಫೋರ್ ವೀಲ್ ಡ್ರೈವ್ ಗಾಡಿ ಹುಡುಕಿ. ಬಾಡಿ ತುಕ್ಕು ಹಿಡಿದು ಉದುರುತ್ತಿದ್ದರೆ ಇನ್ನೂ ಒಳ್ಳೆಯದು, ಬೆಲೆ ಇಳಿಯುತ್ತದೆ, ನಿಮಗೆ ಬಾಡಿ ಬೇಡವೇ ಬೇಡ. ಇಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸಿನ ಬಲವನ್ನು ಹಿಂದಿನ ಮುಂದಿನ ಆಕ್ಸಲ್ಲಿಗೆ ಹಂಚುವ ಪೆಟ್ಟಿಗೆ), ಎರಡು ಆಕ್ಸಲ್, ವೈರಿಂಗ್, ಪೆಡಲ್, ರೇಡಿಯೇಟರ್, ಸ್ಟೇರಿಂಗ್ ಬಾಕ್ಸ್ ಎಲ್ಲವೂ ಒಂದಕ್ಕೊಂದು ಹೊಂದುವ ಹಾಗೆ ಒಂದೇ ಕಡೆ ಸಿಗುತ್ತವೆ. ಬಿಡಿಬಿಡಿಯಾಗಿ ತಂದವರ ದುಡ್ಡು ಹೆಚ್ಚಾಗಿ ಹೋಗುವುದು ದೊಡ್ಡ ಭಾಗಗಳಿಗಲ್ಲ. ಒಂದನ್ನು ಇನ್ನೊಂದಕ್ಕೆ ಜೋಡಿಸುವ ಅಡಾಪ್ಟರ್, ಪ್ಲೇಟ್, ಹೋಸ್, ಸೆನ್ಸರ್, ಲೇತ್ ಕೆಲಸ, ಇಂಥ ಸಣ್ಣಪುಟ್ಟದ್ದಕ್ಕೆ.

ಬಿಚ್ಚುವ ಮುಂಚೆ ಒಂದು ಸುತ್ತು ಓಡಿಸಿ ನೋಡಿ. ಇಂಜಿನ್ ಬಿಸಿಯಾಗುತ್ತದಾ, ಗೇರ್ ಜಾರುತ್ತದಾ, ಲೋ ರೇಂಜ್ (ಟ್ರಾನ್ಸ್‌ಫರ್ ಕೇಸಿನ ನಿಧಾನದ ಗೇರ್) ಬೀಳುತ್ತದಾ, ಎಲ್ಲ ಆಗಲೇ ಗೊತ್ತಾಗಬೇಕು. ಬಿಚ್ಚುವಾಗ ಪ್ರತಿ ವೈರಿಗೂ ಚೀಟಿ ಅಂಟಿಸಿ, ಫೋಟೋ ತೆಗೆಯಿರಿ. ಉಳಿದ ಬಾಗಿಲು, ಗಾಜು, ಸೀಟು ಮಾರಿದರೆ ಕೊಂಡ ಬೆಲೆಯಲ್ಲಿ ಒಂದು ಪಾಲು ವಾಪಸ್ ಬರುತ್ತದೆ.

ಯಾವ ಗಾಡಿ ಒಳ್ಳೆಯದು?

ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್ (ಎಡ ಬಲ ಚಕ್ರಗಳನ್ನು ಜೋಡಿಸುವ ಒಂದೇ ಅಖಂಡ ಆಕ್ಸಲ್) ಇರುವುದು, ಬಿಡಿಭಾಗ ಸುಲಭವಾಗಿ ಸಿಗುವುದು. ಹಗುರ ಬಗ್ಗಿಗೆ ಸುಜುಕಿ ಸಮುರಾಯ್ ಚೆನ್ನಾಗಿದೆ. ಇದೇ ವಂಶದ ಗಾಡಿ ಬೇರೆ ಬೇರೆ ಕಡೆ ಸಿಯೆರಾ, ಜಿಪ್ಸಿ ಅನ್ನುವ ಹೆಸರಲ್ಲಿ ಮಾರಾಟವಾಗಿದೆ. ಇದರ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಬೇರೆಯಾಗಿ ಕೂತಿದೆ. ಹಾಗಾಗಿ ಇಂಜಿನನ್ನು ಬೇಕಾದ ಕಡೆ ಸರಿಸಿ ಕೂರಿಸುವುದು ಸುಲಭ. ಇದಕ್ಕಿಂತ ಗಟ್ಟಿಯಾದದ್ದು ಬೇಕಾದರೆ ಹಳೇ ಟೊಯೋಟಾ ಹೈಲಕ್ಸ್. ಆದರೆ ಮುಂದೆ ಗಟ್ಟಿ ಆಕ್ಸಲ್ ಇರುವ ಕಾಲದ್ದೇ ಆಗಬೇಕು.

ಮುಂದಿನ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್ (ಎಡ ಬಲ ಚಕ್ರ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಗುವುದು) ಇರುವ ಗಾಡಿ ಅಗ್ಗವಾಗಿ ಸಿಕ್ಕಿತು ಅಂತ ತರಬೇಡಿ. ಮುಂದಿನ ಆಕ್ಸಲ್ ಬೇರೆ ಕೊಳ್ಳಬೇಕಾಗುತ್ತದೆ, ಅಲ್ಲಿಗೆ ಉಳಿತಾಯ ಮುಗಿಯಿತು.

ಇಷ್ಟು ಸಣ್ಣ ಇಂಜಿನ್ ಸಾಕಾಗುತ್ತದಾ?

ಸಾಕು. ಬಂಡೆ ಹತ್ತಿಸುವುದು ಗೇರಿನ ಕೆಲಸ. ಲೆಕ್ಕ ಸುಲಭ: ಮೊದಲ ಗೇರಿನ ಅನುಪಾತ, ಟ್ರಾನ್ಸ್‌ಫರ್ ಕೇಸಿನ ಲೋ ಅನುಪಾತ, ಆಕ್ಸಲ್ ಅನುಪಾತ, ಈ ಮೂರನ್ನೂ ಗುಣಿಸಿ. ಬಂದದ್ದೇ ಕ್ರಾಲ್ ರೇಶಿಯೋ.

ಸಮುರಾಯ್ ತಗೊಳ್ಳಿ. ಮೊದಲ ಗೇರ್ 3.652, ಲೋ 2.268, ಆಕ್ಸಲ್ 3.727. ಗುಣಿಸಿದರೆ ಸುಮಾರು 31. ಇಂಜಿನ್ 31 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. 33 ಇಂಚಿನ ಟೈರ್ ಹಾಕಿ, ಇಂಜಿನನ್ನು 800 ಆರ್‌ಪಿಎಮ್‌ನಲ್ಲಿ ಐಡಲ್ (ಆಕ್ಸಿಲರೇಟರ್ ಒತ್ತದೆ) ಬಿಟ್ಟರೆ ಗಾಡಿ ಗಂಟೆಗೆ ಸುಮಾರು 4 ಕಿ.ಮೀ. ಹೋಗುತ್ತದೆ. ಬಯಲಲ್ಲಿ ಇದು ನಿಧಾನ ಅನ್ನಿಸಬಹುದು, ಬಂಡೆಯ ಮೇಲೆ ಜಾಸ್ತಿಯೇ. ಟ್ರಾನ್ಸ್‌ಫರ್ ಕೇಸಿಗೆ 4.16ರ ಲೋ ಗೇರ್ ಸೆಟ್ ಹಾಕಿ ನೋಡಿ. ಅನುಪಾತ ಸುಮಾರು 57ಕ್ಕೆ ಏರುತ್ತದೆ, ಐಡಲ್ ವೇಗ ಗಂಟೆಗೆ 2.2 ಕಿ.ಮೀ.ಗೆ ಇಳಿಯುತ್ತದೆ. ಇಂಜಿನ್ ಅದೇ, ಚಕ್ರಕ್ಕೆ ಬರುವ ತಿರುಚುಬಲ ಹೆಚ್ಚುಕಡಿಮೆ ಎರಡರಷ್ಟು.

ಹೈಲಕ್ಸ್‌ನವರು ಇದನ್ನೇ ಇನ್ನೊಂದು ದಾರಿಯಲ್ಲಿ ಮಾಡುತ್ತಾರೆ. ಒಂದರ ಹಿಂದೆ ಇನ್ನೊಂದು ಟ್ರಾನ್ಸ್‌ಫರ್ ಕೇಸಿನ ಲೋ ಭಾಗ ಜೋಡಿಸುತ್ತಾರೆ. ಮೊದಲ ಗೇರ್ 3.954, ಎರಡು ಸಲ 2.28, ಆಕ್ಸಲ್ 4.10 ಇದ್ದರೆ ಸುಮಾರು 84 ಬರುತ್ತದೆ. ಎರಡನೇ ಕೇಸ್ ಗುಜರಿಯಲ್ಲಿ ಸಿಕ್ಕಿದರೆ ಹೊಸದಾಗಿ ಕೊಳ್ಳಬೇಕಾದದ್ದು ಜೋಡಿಸುವ ಅಡಾಪ್ಟರ್ ಒಂದೇ.

ಒಳ್ಳೆಯ ಕ್ರಾಲ್ ರೇಶಿಯೋ ಇರುವ ಗಾಡಿ ಹತ್ತುವುದನ್ನು ಹತ್ತಿರದಿಂದ ನೋಡಿ. ಆಕ್ಸಿಲರೇಟರ್ ಮೇಲೆ ಕಾಲೇ ಇರುವುದಿಲ್ಲ. ಟೈರಿನ ಗಟ್ಟೆಗಳು ಒಂದೊಂದಾಗಿ ಬಂಡೆಯ ಅಂಚಿಗೆ ಒತ್ತಿ, ಮಡಚಿ, ಹಿಡಿತ ಸಿಕ್ಕಿದ ಮೇಲೆ ಗಾಡಿ ಮೇಲೇಳುತ್ತದೆ. ಗೇರ್ ಸಾಲದ ಗಾಡಿಯವರು ಆಕ್ಸಿಲರೇಟರ್ ಒತ್ತುತ್ತಾರೆ, ಟೈರ್ ಜಾರಿ ಗಿರಗಿರ ಸುತ್ತುತ್ತದೆ, ಎಲ್ಲೋ ತಟ್ಟನೆ ಹಿಡಿತ ಸಿಗುತ್ತದೆ. ಆ ಹೊಡೆತಕ್ಕೇ ಆಕ್ಸಲ್ ಶಾಫ್ಟ್ ಮುರಿಯುವುದು. ಆದ್ದರಿಂದ ನನ್ನ ಸಲಹೆ ಸ್ಪಷ್ಟ: ಇಂಜಿನಿಗೆ ಇಟ್ಟ ದುಡ್ಡನ್ನು ಗೇರಿಗೆ ಹಾಕಿ.

ಕಾರ್ಬುರೇಟರ್ ಇಂಜಿನ್ ನಡೆಯುತ್ತದಾ?

ಸಪಾಟಾದ ಜಾಗದಲ್ಲಿ ನಡೆಯುತ್ತದೆ. ಗಾಡಿ ವಾಲಿದಾಗ ಫ್ಲೋಟ್ ಬೌಲಿನ (ಕಾರ್ಬುರೇಟರಿನ ಸಣ್ಣ ಬಟ್ಟಲಿನ) ಪೆಟ್ರೋಲ್ ಒಂದು ಕಡೆ ಸರಿದು, ಇಂಜಿನಿಗೆ ಒಂದೋ ಪೆಟ್ರೋಲ್ ಉಕ್ಕಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಎರಡರಲ್ಲೂ ಬಂದ್ ಆಗುತ್ತದೆ, ಅದೂ ಆಗಬಾರದ ಜಾಗದಲ್ಲೇ. ಫ್ಯೂಯಲ್ ಇಂಜೆಕ್ಷನ್ ಇರುವ ಗಾಡಿಯನ್ನೇ ಹುಡುಕುವುದು ಒಳ್ಳೆಯದು. ಮುಂಚೆಯೇ ಯೋಚಿಸಿ ಕೊಂಡರೆ ಇದಕ್ಕೆ ಬೇರೆ ಖರ್ಚೇ ಇಲ್ಲ.

ಗೂಡಿಗೆ ಯಾವ ಪೈಪ್? ನೀರಿನ ಪೈಪ್ ಗಟ್ಟಿಯಾಗಿಯೇ ಇದೆಯಲ್ಲ?

ನೀರಿನ ಪೈಪ್ ಖಂಡಿತ ಬೇಡ. ಅದು ಒಳಗೆ ನೀರು ಹರಿಯಲಿ ಅಂತ ಮಾಡಿದ್ದು, ಹೊಡೆತ ತಡೆಯಲಿ ಅಂತ ಅಲ್ಲ. ಅದರ ಅಳತೆಯೂ ಬೇರೆ ಲೆಕ್ಕದ್ದು. ಒಂದೂವರೆ ಇಂಚಿನ ಪೈಪ್ ಅಂತ ಕೊಡುವುದರ ಹೊರವ್ಯಾಸ ನಿಜಕ್ಕೂ 48.3 ಮಿ.ಮೀ. ಇರುತ್ತದೆ. ಚಾಸಿಗೆ ಬಳಸುವ ಟ್ಯೂಬನ್ನು ಹೊರವ್ಯಾಸ ಮತ್ತು ಗೋಡೆಯ ದಪ್ಪ ಹೇಳಿಯೇ ಮಾರುತ್ತಾರೆ. ಸತು ಲೇಪಿಸಿದ ಪೈಪಾದರೆ ಇನ್ನೊಂದು ತೊಂದರೆ. ವೆಲ್ಡ್ ಮಾಡುವಾಗ ಏಳುವ ಬಿಳಿ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ.

ಸಾಮಾನ್ಯ ಬಗ್ಗಿಗೆ 44.5 ಮಿ.ಮೀ. ಹೊರವ್ಯಾಸ, 3 ಮಿ.ಮೀ. ಗೋಡೆಯ ಟ್ಯೂಬ್ ರೂಢಿ. ಸಮುರಾಯ್‌ನಂಥ ಹಗುರ ಗಾಡಿಗೆ 38 ಮಿ.ಮೀ. ಹಾಕುವವರೂ ಇದ್ದಾರೆ, ಆದರೆ ಗೋಡೆ 3 ಮಿ.ಮೀ. ಇರಲೇಬೇಕು. ಡಿಒಎಮ್ ಟ್ಯೂಬ್ (ಒಳಗೆ ಅಚ್ಚು ಇಟ್ಟು ಎಳೆದು ಮಾಡಿದ್ದು) ಉತ್ತಮ. ದುಡ್ಡು ಸಾಲದಿದ್ದರೆ ತಲೆ ಕಾಯುವ ಮುಖ್ಯ ಕಮಾನುಗಳಿಗೂ ನೆಲಕ್ಕೆ ಉಜ್ಜುವ ಕೆಳಗಿನ ಕೊಳವೆಗಳಿಗೂ ಡಿಒಎಮ್ ಹಾಕಿ, ಉಳಿದ ಕಡೆ ಇಆರ್‌ಡಬ್ಲ್ಯೂ (ತಗಡು ಸುತ್ತಿ ಅಂಚು ಬೆಸೆದ ಟ್ಯೂಬ್) ಬಳಸಿ. ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕು) ದುಬಾರಿ, ಅದರ ವೆಲ್ಡಿಂಗಿಗೆ ಬೇರೆಯೇ ಕೈಚಳಕ ಬೇಕು. ಮೊದಲ ಬಗ್ಗಿಗೆ ಅದು ಬೇಡ.

ಬೆಂಡರ್ ಇಲ್ಲ. ಏನು ಮಾಡಲಿ?

ಹೈಡ್ರಾಲಿಕ್ ಜ್ಯಾಕಿನ ಅಗ್ಗದ ಪೈಪ್ ಬೆಂಡರ್ ಕೊಳ್ಳಬೇಡಿ. ಅದರ ಅಚ್ಚು ಟ್ಯೂಬಿನ ಹೊರವ್ಯಾಸಕ್ಕೆ ಕೂರುವುದಿಲ್ಲ, ಬಗ್ಗಿಸಿದ ಕಡೆ ಕೊಳವೆ ಚಪ್ಪಟೆಯಾಗುತ್ತದೆ. ಗಾಡಿ ಮಗುಚಿದಾಗ ಕೊಳವೆ ಮೊದಲು ಮಡಚುವುದು ಅಲ್ಲೇ.

ಗೂಡನ್ನು ಕಡಿಮೆ ಬಾಗುಗಳಿರುವ ಹಾಗೆ ಯೋಚಿಸಿ. ಮುಖ್ಯ ಕಮಾನುಗಳನ್ನು ಮಾತ್ರ ಸರಿಯಾದ ಟ್ಯೂಬ್ ಬೆಂಡರ್ ಇರುವ ವರ್ಕ್‌ಶಾಪಿನಲ್ಲಿ ಬಗ್ಗಿಸಿ ತನ್ನಿ, ಉಳಿದದ್ದೆಲ್ಲ ನೇರ ಕೊಳವೆ. ನೇರ ಕೊಳವೆಗಳ ತ್ರಿಕೋನವೇ ಗಟ್ಟಿ. ಪ್ರತಿ ಕೊಳವೆಯ ತುದಿ ಬೇರೆ ಕೊಳವೆಗಳು ಕೂಡುವ ಜಾಗಕ್ಕೇ ಬಂದು ಸೇರಲಿ. ಇನ್ನೊಂದು ಕೊಳವೆಯ ಮಧ್ಯಕ್ಕೆ ತಂದು ಅಂಟಿಸಿದರೆ, ಹೊಡೆತ ಬಿದ್ದಾಗ ಆ ಮಧ್ಯಭಾಗ ಬಗ್ಗುತ್ತದೆ.

ಕೊಳವೆಯ ತುದಿ ಇನ್ನೊಂದು ಕೊಳವೆಯ ದುಂಡು ಮೈಗೆ ಕೂರುವ ಹಾಗೆ ಬಾಯಿ ಕತ್ತರಿಸಲು ಕಾಗದದ ಅಳತೆ ಮತ್ತು ಆಂಗಲ್ ಗ್ರೈಂಡರ್ ಸಾಕು. ಸಮಯ ಹಿಡಿಯುತ್ತದೆ, ಅಷ್ಟೇ. ಎರಡು ಕೊಳವೆ ಕೂರಿಸಿ ಬೆಳಕಿಗೆ ಹಿಡಿದರೆ ಸಂದಿನಲ್ಲಿ ಬೆಳಕು ಕೂದಲೆಳೆಯಷ್ಟೇ ಕಾಣಬೇಕು. ದೊಡ್ಡ ಸಂದನ್ನು ವೆಲ್ಡಿಂಗಿನಿಂದ ತುಂಬಿದರೆ ಅದು ಜೋಡಣೆ ಆಗುವುದಿಲ್ಲ, ಬರೀ ಮುಚ್ಚಿದ ಹಾಗೆ.

ನನಗೆ ವೆಲ್ಡಿಂಗ್ ಅಷ್ಟಾಗಿ ಬರುವುದಿಲ್ಲ. ನಾನೇ ಮಾಡಬಹುದಾ?

ಕಲಿತು ಮಾಡಬಹುದು. ಮಾಡುತ್ತಾ ಕಲಿಯುತ್ತೇನೆ ಅಂತ ಗೂಡಿನ ಮೇಲೆಯೇ ಶುರು ಮಾಡಬಾರದು. 180ರಿಂದ 200 ಆಂಪಿನ ಗ್ಯಾಸ್ ಮಿಗ್ ಮಷೀನ್ (ಬೆಸುಗೆಯ ತಂತಿ ತಾನಾಗಿ ಬರುವ ವೆಲ್ಡಿಂಗ್ ಮಷೀನ್) ಇದ್ದರೆ 3 ಮಿ.ಮೀ. ಗೋಡೆಗೆ ಆರಾಮಾಗಿ ಸಾಕು. ಹಳೇ ಕಡ್ಡಿ ಮಷೀನಿನಲ್ಲೂ ಒಳ್ಳೆಯ ಬೆಸುಗೆ ಬರುತ್ತದೆ, ಕೈ ಪಳಗಬೇಕು. ಇ7018 ಕಡ್ಡಿ ಬಳಸುವುದಾದರೆ ತೇವ ತಾಗದ ಹಾಗೆ ಇಡಿ, ತೇವ ಹೀರಿದ ಕಡ್ಡಿಯ ಬೆಸುಗೆ ಆಮೇಲೆ ಬಿರುಕು ಬಿಡುತ್ತದೆ.

ಪರೀಕ್ಷೆ ಹೀಗೆ. ಗೂಡಿಗೆ ಹಾಕುವ ಟ್ಯೂಬಿನದೇ ಎರಡು ತುಂಡು ತಗೊಂಡು ಟಿ ಆಕಾರದಲ್ಲಿ ಬೆಸೆಯಿರಿ. ವೈಸಿಗೆ ಹಿಡಿದು ದೊಡ್ಡ ಸುತ್ತಿಗೆಯಿಂದ ಹೊಡೆಯಿರಿ. ಬೆಸುಗೆ ಹಾಗೇ ಉಳಿದು ಕೊಳವೆಯೇ ಸೊಟ್ಟಗಾದರೆ ಅಥವಾ ಹರಿದರೆ ಒಳ್ಳೆಯದು. ಬೆಸುಗೆಯೇ ಸಿಪ್ಪೆ ಎದ್ದ ಹಾಗೆ ಬಂದು, ಅಡಿಯಲ್ಲಿ ಕೊಳವೆಯ ಮೈ ನುಣ್ಣಗೆ ಕಂಡರೆ ಲೋಹ ಕರಗಿ ಸೇರಿಯೇ ಇಲ್ಲ. ಇನ್ನೊಂದು ತುಂಡನ್ನು ಬೆಸುಗೆಯ ಅಡ್ಡಕ್ಕೆ ಕೊಯ್ದು, ಎಮರಿ ಪೇಪರಿನಿಂದ ಹೊಳೆಯುವವರೆಗೆ ಉಜ್ಜಿ, ಸ್ವಲ್ಪ ಆಸಿಡ್ ಸವರಿ. ಬೆಸುಗೆ ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದು ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಪ್ರತಿ ಸಲವೂ ಹೀಗೆ ಸರಿ ಬರುವವರೆಗೆ ಗೂಡಿಗೆ ಟ್ಯಾಕ್ (ಹಿಡಿದು ನಿಲ್ಲಿಸುವಷ್ಟು ಚುಕ್ಕೆ ಬೆಸುಗೆ) ಮಾತ್ರ ಹಾಕಿ, ಪೂರ್ತಿ ಬೆಸುಗೆಯನ್ನು ನುರಿತ ವೆಲ್ಡರ್ ಕೈಲಿ ಮಾಡಿಸಿ. ಕತ್ತರಿಸಿ ಕೂರಿಸುವ ಕೆಲಸವೇ ದೊಡ್ಡದು, ಅದನ್ನು ನೀವೇ ಮಾಡಿಟ್ಟರೆ ವೆಲ್ಡರ್ ಕೂಲಿ ಅಷ್ಟೇನೂ ಆಗುವುದಿಲ್ಲ.

ಆಕ್ಸಲ್ ಕೊಳವೆಗೆ ಬ್ರಾಕೆಟ್ ಬೆಸೆಯುವಾಗ ಒಂದೇ ಕಡೆ ಉದ್ದಕ್ಕೆ ಎಳೆಯಬೇಡಿ, ಆಕ್ಸಲ್ಲೇ ಬಾಗುತ್ತದೆ. ಚಿಕ್ಕ ಚಿಕ್ಕದಾಗಿ, ಆ ಕಡೆ ಈ ಕಡೆ ಬದಲಿಸುತ್ತಾ, ಆರಲು ಬಿಟ್ಟು ಮಾಡಿ. ಗಾಡಿಯ ಮೇಲೆ ಬೆಸೆಯುವ ಮುಂಚೆ ಬ್ಯಾಟರಿ ವೈರ್ ಕಳಚಿ. ಅರ್ಥ್ ಕ್ಲಾಂಪ್ ಬೆಸುಗೆಯ ಹತ್ತಿರವೇ ಇರಲಿ, ಇಲ್ಲದಿದ್ದರೆ ಕರೆಂಟು ಬೇರಿಂಗ್ ಮೂಲಕ ಹರಿದು ಅದನ್ನು ಸುಡುತ್ತದೆ.

ಅಳತೆ ಎಷ್ಟಿರಬೇಕು?

ವೀಲ್‌ಬೇಸ್ (ಹಿಂದಿನ ಮುಂದಿನ ಆಕ್ಸಲ್ ನಡುವಿನ ದೂರ) 2.5ರಿಂದ 2.8 ಮೀಟರ್ ಒಳಗಿದ್ದರೆ ಹೆಚ್ಚಿನ ಕಡೆ ನಡೆಯುತ್ತದೆ. ಚಿಕ್ಕದಾದರೆ ಕಡಿದಾದ ಏರಿನಲ್ಲಿ ಹಿಂದಕ್ಕೆ ಮಗುಚುತ್ತದೆ, ಉದ್ದವಾದರೆ ಹೊಟ್ಟೆ ಸಿಕ್ಕಿಕೊಳ್ಳುತ್ತದೆ. 37 ಇಂಚಿನ ಟೈರಿಗೆ ಹೊಟ್ಟೆ ನೆಲದಿಂದ 45ರಿಂದ 50 ಸೆಂ.ಮೀ. ಸಾಕು. ಎತ್ತರ ಇದ್ದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ತುಂಬಾ ಜನಕ್ಕಿದೆ. ಎತ್ತರದ ಗಾಡಿ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಇಳಿಜಾರಿನ ಅಡ್ಡಕ್ಕೆ ನಿಂತಾಗ ಬೀಳುತ್ತದೆ. ಇಂಜಿನ್, ಬ್ಯಾಟರಿ, ಪೆಟ್ರೋಲ್ ಟ್ಯಾಂಕ್, ನೀವು, ಎಲ್ಲ ಎಷ್ಟು ಕೆಳಗೆ ಕೂರಲು ಸಾಧ್ಯವೋ ಅಷ್ಟು ಕೆಳಗೆ ಕೂರಿಸಿ.

ಲೀಫ್ ಸ್ಪ್ರಿಂಗಾ, ಲಿಂಕ್ ಸಸ್ಪೆನ್ಷನ್ನಾ?

ಬಜೆಟ್ ಬಿಗಿ ಇದ್ದರೆ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಗಾಡಿಯ ಭಾರ ಹೊರುವುದು, ಆಕ್ಸಲ್ ಹಿಂದೆ ಮುಂದೆ ಹೋಗದ ಹಾಗೆ ಹಿಡಿಯುವುದು, ಅಡ್ಡಕ್ಕೆ ಸರಿಯದ ಹಾಗೆ ಹಿಡಿಯುವುದು ಮೂರನ್ನೂ ಅದೊಂದೇ ಮಾಡುತ್ತದೆ. ಹಳೇ ಗಾಡಿಯಲ್ಲೇ ಇರುವುದರಿಂದ ಪುಕ್ಕಟೆ. ಬಗ್ಗಿ ಹಗುರ ಆಗಿರುವುದರಿಂದ ಒಂದೆರಡು ಪಟ್ಟಿ ತೆಗೆದರೆ ಮೆತ್ತಗೆ ಬಗ್ಗುತ್ತದೆ. ಲೋ ಗೇರಿನಲ್ಲಿ ಆಕ್ಸಲ್ ತಿರುಚಿಕೊಂಡು ಸ್ಪ್ರಿಂಗ್ ಎಸ್ ಆಕಾರಕ್ಕೆ ಬರುತ್ತದೆ. ಅದಕ್ಕೆ ಹಿಂದಿನ ಆಕ್ಸಲ್ಲಿಗೆ ಒಂದು ಟ್ರ್ಯಾಕ್ಷನ್ ಬಾರ್ ಕಟ್ಟಿ.

ನಾಲ್ಕು ಲಿಂಕ್ (ಆಕ್ಸಲ್ಲನ್ನು ಗೂಡಿಗೆ ಹಿಡಿಯುವ ಸರಳುಗಳು) ಕಟ್ಟುವುದಾದರೆ ಮೇಲಿನ ಎರಡನ್ನು ತ್ರಿಕೋನವಾಗಿ ಓರೆ ಇಡಿ. ಅವೆರಡರ ನಡುವಿನ ಕೋನ ಸುಮಾರು 40 ಡಿಗ್ರಿ ಬಂದರೆ ಬೇರೆ ಅಡ್ಡಪಟ್ಟಿ ಬೇಡ. ಆಕ್ಸಲ್ ಕಡೆ ಮೇಲಿನ ಕೆಳಗಿನ ಲಿಂಕ್‌ಗಳ ನಡುವೆ ಟೈರಿನ ಎತ್ತರದ ಕಾಲುಭಾಗದಷ್ಟು ಅಂತರ ಇರಲಿ. ಕೆಳಗಿನ ಲಿಂಕ್ ಬಂಡೆಗೆ ಬಡಿಯುತ್ತದೆ, ಅದಕ್ಕೆ 50 ಮಿ.ಮೀ. ವ್ಯಾಸ, 6 ಮಿ.ಮೀ. ಗೋಡೆಯದ್ದೇ ಬೇಕು. ಬ್ರಾಕೆಟ್ ಎರಡು ಕಡೆಯಿಂದ ಬೋಲ್ಟನ್ನು ಹಿಡಿಯಬೇಕು. ಒಂದೇ ಕಡೆ ನೇತಾಡುವ ಬೋಲ್ಟ್ ಮುರಿಯುತ್ತದೆ.

ಡಿಫರೆನ್ಷಿಯಲ್ ಲಾಕರ್ ದುಬಾರಿ. ವೆಲ್ಡ್ ಮಾಡಿಬಿಡಬಹುದಾ?

ಡಿಫರೆನ್ಷಿಯಲ್ ಅಂದರೆ ತಿರುವಿನಲ್ಲಿ ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ, ಲಾಕರ್ ಅದನ್ನು ಬಿಗಿದು ಎರಡನ್ನೂ ಒಟ್ಟಿಗೆ ತಿರುಗಿಸುತ್ತದೆ. ಹಿಂದಿನ ಡಿಫರೆನ್ಷಿಯಲ್ಲನ್ನು ವೆಲ್ಡ್ ಮಾಡಬಹುದು. ಬಗ್ಗಿ ಬಂಡೆಯ ಮೇಲೆ ಮಾತ್ರ ಓಡುವುದಾದರೆ, ಇದಕ್ಕಿಂತ ಅಗ್ಗದಲ್ಲಿ ಇಷ್ಟು ದೊಡ್ಡ ಬದಲಾವಣೆ ಬೇರೆ ಇಲ್ಲ. ಒಂದು ಚಕ್ರ ಗಾಳಿಯಲ್ಲಿದ್ದರೂ ಇನ್ನೊಂದು ಎಳೆಯುತ್ತದೆ. ಡಿಫರೆನ್ಷಿಯಲ್ ಹೊರಗೆ ತೆಗೆದು, ಬೇರಿಂಗ್ ಕಳಚಿ, ಒಳಗಿನ ಸಣ್ಣ ಗೇರುಗಳನ್ನು ಎಣ್ಣೆಯ ಪಸೆ ಇಲ್ಲದ ಹಾಗೆ ತೊಳೆದು, ಮೊದಲು ಬಿಸಿ ಮಾಡಿ ಬೆಸೆಯಬೇಕು. ಆಮೇಲೆ ನಿಧಾನವಾಗಿ ಆರಲು ಬಿಡಬೇಕು. ಎಣ್ಣೆ ಉಳಿದಿದ್ದರೆ ಬೆಸುಗೆಯಲ್ಲಿ ತೂತು ಬೀಳುತ್ತದೆ. ಮುರಿದ ಚೂರು ಗೇರಿನ ಹಲ್ಲಿಗೆ ಸಿಕ್ಕಿದರೆ ಇಡೀ ಡಿಫರೆನ್ಷಿಯಲ್ ಹೋಗುತ್ತದೆ.

ಮುಂದಿನದನ್ನು ಬೆಸೆದರೆ ಸ್ಟೇರಿಂಗ್ ತಿರುಗಿಸುವುದು ತುಂಬಾ ಕಷ್ಟ. ಮುಂದೆ ಮಾಡುವ ಮುಂಚೆ ಹೈಡ್ರಾಲಿಕ್ ಸಹಾಯದ ಸ್ಟೇರಿಂಗ್ ಇರಲಿ. ರಸ್ತೆಯ ಮೇಲೂ ಓಡಿಸುವ ಗಾಡಿಗೆ ಹಿಂದಿನದು, ಮುಂದಿನದು ಯಾವುದನ್ನೂ ಬೆಸೆಯಬೇಡಿ.

ಎಷ್ಟು ದೊಡ್ಡ ಟೈರ್ ಹಾಕಬಹುದು?

ಆಕ್ಸಲ್ ತಡೆಯುವಷ್ಟು. ಸಮುರಾಯ್ ಆಕ್ಸಲ್ಲಿಗೆ 33 ಇಂಚು, ಟೊಯೋಟಾ 8 ಇಂಚಿನ ಡಿಫರೆನ್ಷಿಯಲ್ಲಿಗೆ 35, ಡಾನಾ 44 ಅನ್ನುವ ಗಟ್ಟಿ ಆಕ್ಸಲ್ಲಿಗೆ 37. ಅದಕ್ಕಿಂತ ದೊಡ್ಡದಾದರೆ ಡಾನಾ 60. ಟೊಯೋಟಾದಲ್ಲಿ ಮೊದಲು ಹೋಗುವುದು ಮುಂದಿನ ಬರ್‌ಫೀಲ್ಡ್ ಜಾಯಿಂಟ್ (ತಿರುಗುವ ಮುಂದಿನ ಚಕ್ರಕ್ಕೆ ಬಲ ದಾಟಿಸುವ ಕೀಲು), ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ. ಒಂದು ಹೆಚ್ಚುವರಿ ಜಾಯಿಂಟ್ ಗಾಡಿಯಲ್ಲೇ ಇಟ್ಟುಕೊಳ್ಳಿ.

ಹಳೇ ಟೈರ್ ಧಾರಾಳವಾಗಿ ಕೊಳ್ಳಿ, ಪಕ್ಕದ ಗೋಡೆ ಹರಿದಿರದಿದ್ದರೆ ಆಯಿತು. ಗಾಳಿ ಕಡಿಮೆ ಮಾಡುವುದು ಪುಕ್ಕಟೆ ಸಿಗುವ ಹಿಡಿತ. ಸಾಮಾನ್ಯ ರಿಮ್ಮಿನಲ್ಲಿ 8ರಿಂದ 10 ಪಿಎಸ್‌ಐ, ಬೀಡ್‌ಲಾಕ್ (ಟೈರಿನ ಅಂಚನ್ನು ರಿಮ್ಮಿಗೆ ಬೋಲ್ಟಿನಿಂದ ಬಿಗಿಯುವ ಉಂಗುರ) ಇದ್ದರೆ 5ರ ಆಸುಪಾಸು. ಬೀಡ್‌ಲಾಕಿನ ಉಂಗುರವನ್ನು ರಿಮ್ಮಿಗೆ ನೀವೇ ಬೆಸೆಯಬಹುದು, ಆದರೆ ಅದರ ಬೋಲ್ಟುಗಳನ್ನು ಆಗಾಗ ಬಿಗಿ ನೋಡುತ್ತಿರಬೇಕು.

ಸ್ಟೇರಿಂಗಿನಲ್ಲಿ ಎಲ್ಲಿ ಉಳಿಸಬಹುದು?

ಹಳೇ ಗಾಡಿಯ ಪವರ್ ಸ್ಟೇರಿಂಗ್ ಬಾಕ್ಸ್ ಮತ್ತು ಪಂಪನ್ನೇ ಬಳಸಿ. ಅಷ್ಟೇ. ಸ್ಟೇರಿಂಗ್ ಆರ್ಮನ್ನು ಬಿಸಿ ಮಾಡಿ ಬಗ್ಗಿಸುವುದು, ಹಳೇ ಟೈ ರಾಡ್ (ಮುಂದಿನ ಎರಡು ಚಕ್ರ ಒಟ್ಟಿಗೆ ತಿರುಗುವ ಹಾಗೆ ಜೋಡಿಸುವ ಸರಳು) ಕತ್ತರಿಸಿ ಬೆಸೆದು ಉದ್ದ ಮಾಡುವುದು ಇವೆಲ್ಲ ಬೇಡ. ದಪ್ಪ ಗೋಡೆಯ ಟ್ಯೂಬಿನಲ್ಲಿ ಹೊಸದಾಗಿ ಮಾಡಿಸಿ. ಪೂರ್ತಿ ಹೈಡ್ರಾಲಿಕ್ ಸ್ಟೇರಿಂಗ್ ಬಂಡೆಗೆ ತುಂಬಾ ಚೆನ್ನಾಗಿದೆ. ಆದರೆ ಹೋಸ್ ಒಡೆದರೆ ಚಕ್ರಕ್ಕೂ ಕೈಗೂ ಸಂಬಂಧವೇ ಇರುವುದಿಲ್ಲ, ಹಾಗಾಗಿ ಅಗ್ಗದ ಹೋಸ್ ಹಾಕಬೇಡಿ.

ಬ್ರೇಕ್?

ನಾಲ್ಕೂ ಚಕ್ರಕ್ಕೆ ಇರಲಿ, ಹಿಂದೆ ಮುಂದೆ ಬೇರೆ ಬೇರೆ ಲೈನ್ ಇರುವ ಮಾಸ್ಟರ್ ಸಿಲಿಂಡರ್ ಇರಲಿ. ಇಂಜಿನ್ ಬಂದ್ ಆದಾಗ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವ ಪಾರ್ಕಿಂಗ್ ಬ್ರೇಕ್ ಕೂಡ ಬೇಕೇ ಬೇಕು. ಬ್ರೇಕ್ ಹೋಸ್ ಆಕ್ಸಲ್ ಪೂರ್ತಿ ಕೆಳಗಿಳಿದಾಗಲೂ ಬಿಗಿಯಾಗಬಾರದು.

ಡ್ರೈವ್ ಶಾಫ್ಟನ್ನು ಮನೆಯಲ್ಲೇ ಮಾಡಬಹುದಾ?

ಈ ನಿಧಾನ ವೇಗಕ್ಕೆ ಮಾಡಬಹುದು. ಚೌಕಾಕಾರದ ಒಂದು ಕೊಳವೆಯೊಳಗೆ ಇನ್ನೊಂದು ಚೌಕ ಕೊಳವೆ ಜಾರುವ ಹಾಗೆ ಕೂರಿಸಿ, ಎರಡು ತುದಿಗೂ ಹಳೇ ಯೋಕ್ (ಕೀಲು ಕೂರುವ ಕವಲು) ಬೆಸೆಯುತ್ತಾರೆ. ಆಕ್ಸಲ್ ಮೇಲೆ ಕೆಳಗೆ ಆದಾಗ ಬೇಕಾದ ಉದ್ದದ ಹೊಂದಾಣಿಕೆ ತಾನಾಗಿ ಸಿಗುತ್ತದೆ, ಬಂಡೆಗೆ ಉಜ್ಜಿದರೂ ಏನೂ ಆಗುವುದಿಲ್ಲ. ಎರಡು ತುದಿಯ ಯೋಕುಗಳು ಒಂದೇ ನೇರಕ್ಕಿರಲಿ. ವೇಗ ಹೆಚ್ಚಾದರೆ ವಿಪರೀತ ಅದುರುತ್ತದೆ. ಗ್ರೀಸ್ ಧಾರಾಳವಾಗಿ ಬೇಕು.

ನಿಧಾನ ಹೋಗುವಾಗ ಇಂಜಿನ್ ಬಿಸಿಯಾಗುವುದಿಲ್ಲವಾ?

ಆಗುತ್ತದೆ. ಎದುರುಗಾಳಿ ಇಲ್ಲವಲ್ಲ. ಒಳ್ಳೆಯ ಎಲೆಕ್ಟ್ರಿಕ್ ಫ್ಯಾನ್ ಹಾಕಿ, ಫ್ಯಾನಿನ ಸುತ್ತ ರೇಡಿಯೇಟರ್ ಪೂರ್ತಿ ಮುಚ್ಚುವ ತಗಡಿನ ಕವಚ ಮಾಡಿ. ಕವಚ ಇಲ್ಲದಿದ್ದರೆ ಫ್ಯಾನಿನ ಎದುರಿನ ಭಾಗವಷ್ಟೇ ತಣ್ಣಗಾಗುತ್ತದೆ. ಬ್ಯಾಟರಿ ಮುಚ್ಚಿದ ಬಗೆಯದ್ದಾಗಿರಲಿ, ಮಗುಚಿದಾಗ ಆಸಿಡ್ ಚೆಲ್ಲಬಾರದು.

ಸೀಟ್ ಬೆಲ್ಟ್, ಹೆಲ್ಮೆಟ್ ಇಷ್ಟು ನಿಧಾನಕ್ಕೂ ಬೇಕಾ?

ಬೇಕು, ಪ್ರತಿ ಸಲವೂ. ವೇಗ ಇಲ್ಲದಿದ್ದರೂ ಗಾಡಿ ಹಿಂದಕ್ಕೋ ಪಕ್ಕಕ್ಕೋ ಉರುಳುತ್ತದೆ. ಆಗ ಕೈ ಹೊರಗೆ ಚಾಚಿ ತಡೆಯಬೇಕು ಅನ್ನಿಸುವುದು ಸಹಜ, ಗೂಡಿನ ಕೊಳವೆಯಡಿ ಕೈ ಸಿಕ್ಕುವುದೂ ಆಗಲೇ. ಪಕ್ಕಕ್ಕೆ ಬಲೆ ಹಾಕಿ.

ಕನಿಷ್ಠ ನಾಲ್ಕು ಕಡೆ ಹಿಡಿಯುವ ಹಾರ್ನೆಸ್ ಬೇಕು, ಅದೂ ಹೊಸದು. ಬಿಸಿಲು ಬಿದ್ದ ಹಳೇ ಬೆಲ್ಟಿನ ನೂಲು ಬಲ ಕಳೆದುಕೊಂಡಿರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಭುಜದ ಪಟ್ಟಿ ಹಿಂದಕ್ಕೆ ಹೋಗುವಾಗ ಭುಜದ ಮಟ್ಟಕ್ಕೇ ಇರಬೇಕು, ಇಲ್ಲವೇ 20 ಡಿಗ್ರಿಗಿಂತ ಜಾಸ್ತಿ ಕೆಳಗಿಳಿಯಬಾರದು. ತೀರಾ ಕೆಳಗೆ ಕಟ್ಟಿದರೆ ಅಪಘಾತದಲ್ಲಿ ಬೆನ್ನುಮೂಳೆಯನ್ನು ಅದೇ ಒತ್ತುತ್ತದೆ. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಬೆಲ್ಟ್ ಮತ್ತು ಸೀಟು ಎರಡೂ ಗೂಡಿನ ಕೊಳವೆಗೇ ಸೇರಿರಲಿ, ತೆಳು ತಗಡಿಗಲ್ಲ. ಹೆಲ್ಮೆಟ್ ಹಾಕಿ ಬೆಲ್ಟ್ ಬಿಗಿದು ಕೂತಾಗ ತಲೆಗೂ ಕೊಳವೆಗೂ 7–8 ಸೆಂ.ಮೀ. ಅಂತರ ಇರಬೇಕು. ತಲೆ ತಾಗುವ ಕಡೆ ಗಟ್ಟಿ ಪ್ಯಾಡಿಂಗ್ ಸುತ್ತಿ.

ಬೆಂಕಿ ಆರಿಸುವ ಸಿಲಿಂಡರ್ ಬೆಲ್ಟ್ ಬಿಗಿದುಕೊಂಡೇ ಕೈಗೆ ಸಿಗಬೇಕು. ಬ್ಯಾಟರಿ ಕಟ್ ಮಾಡುವ ಸ್ವಿಚ್ ಒಳಗಿನವರಿಗೂ ಹೊರಗಿನವರಿಗೂ ಸಿಗುವ ಕಡೆ ಇರಲಿ. ಪೆಟ್ರೋಲ್ ಟ್ಯಾಂಕಿನ ಗಾಳಿ ಕೊಳವೆಗೆ, ಮಗುಚಿದಾಗ ತಾನೇ ಮುಚ್ಚುವ ವಾಲ್ವ್ ಹಾಕಿ.

ಇದನ್ನು ರಸ್ತೆಯಲ್ಲಿ ಓಡಿಸಬಹುದಾ?

ಹೆಚ್ಚಿನ ಕಡೆ ಇಲ್ಲ. ಟ್ರೇಲರಿನಲ್ಲಿ ಸಾಗಿಸುವ ಲೆಕ್ಕವನ್ನೂ ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ. ಟ್ರೇಲರಿನ ಅಗಲ ನೋಡಿಯೇ ಗಾಡಿಯ ಅಗಲ ತೀರ್ಮಾನಿಸಿ.

ಕಟ್ಟಿ ಆಯಿತು. ಮೊದಲ ಸಲ ಹೋಗುವಾಗ ಏನು ನೋಡಬೇಕು?

ಬಣ್ಣ ಹಚ್ಚದೆ ಹೋಗಿ. ಬರೀ ಲೋಹದ ಮೇಲೆ ಬಿರುಕು ಬಿಟ್ಟರೆ ತುಕ್ಕಿನ ಗೆರೆಯಾಗಿ ಬೇಗ ಕಾಣುತ್ತದೆ, ಬಣ್ಣದಡಿ ಅಡಗುತ್ತದೆ. ಹೊರಡುವ ಮುಂಚೆ ಒಂದು ಚಕ್ರವನ್ನು ಎತ್ತರಕ್ಕೆ ಹತ್ತಿಸಿ ನಿಲ್ಲಿಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರ್ ಎಲ್ಲಿಗಾದರೂ ತಾಗುತ್ತದಾ, ಹೋಸ್ ಎಳೆಯುತ್ತದಾ, ಡ್ರೈವ್ ಶಾಫ್ಟ್ ಕಳಚಿಕೊಳ್ಳುವಷ್ಟು ಹೊರಬರುತ್ತದಾ ನೋಡಿ. ಆಮೇಲೆ ಇನ್ನೊಂದು ಗಾಡಿಯ ಜೊತೆಗೆ, ಸಣ್ಣ ಬಂಡೆಗಳಿರುವ ಕಡೆ ಒಂದು ಗಂಟೆ ಓಡಿಸಿ ನಿಲ್ಲಿಸಿ. ಪ್ರತಿ ಬೋಲ್ಟಿನ ಮೇಲೂ ಮುಂಚೆಯೇ ಬಣ್ಣದ ಗೆರೆ ಎಳೆದಿದ್ದರೆ ಯಾವುದು ಸಡಿಲವಾಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಲಿಂಕ್ ಅಥವಾ ಸ್ಪ್ರಿಂಗ್ ಬ್ರಾಕೆಟ್ಟಿನ ಬೆಸುಗೆ, ಸ್ಟೇರಿಂಗ್ ಬಾಕ್ಸ್ ಕೂತ ಜಾಗ, ಶಾಕಿನ ಮೇಲಿನ ತುದಿ: ಬಿರುಕು ಮೊದಲು ಬರುವುದು ಈ ಮೂರು ಕಡೆ. ಟಾರ್ಚ್ ಹಿಡಿದು ಸುತ್ತಲೂ ನೋಡಿ, ಏನಾದರೂ ಕಂಡರೆ ಅಲ್ಲಿಗೇ ನಿಲ್ಲಿಸಿ, ಗಾಡಿಯನ್ನು ಟ್ರೇಲರಿಗೆ ಹತ್ತಿಸಿ.